ನೆಲವೇ ಡೊಂಕಾಗಿತ್ತು

ನಾನು ಸಾಗುವಾನಿ ಮರದ, ತೊಂಬತ್ತು ಡಿಗ್ರಿಯ ಮೂಲೆ ನೋಡುವ ಒಂದು ಮೂಲೆಮಟ್ಟ. ಕೊಪ್ಪಳದ ಕಡೆಯ ಪ್ರೌಢಶಾಲೆಯೊಂದರ ಗಣಿತ ಪಾಠಕ್ಕೆಂದು ನನ್ನನ್ನು ಮಾಡಿದವನು ಮೌನೇಶ ಬಡಿಗೇರ. ಬಾಗಿಲು ಮಾಡಿ ಉಳಿದ ತುಂಡು ನಾನು. "ಮೈ ಹೆಂಗರ ಇರಲಿ, ಮೂಲಿ ತಪ್ಪಬಾರ್ದು" ಎನ್ನುತ್ತ ಅವನು ನನ್ನನ್ನು ಮತ್ತೆ ಮತ್ತೆ ಉಜ್ಜಿದ. ಆ ಮಾತನ್ನು ನಾನು ಇವತ್ತಿಗೂ ಮೀರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಸೊಟ್ಟ ಎಂದವರಿದ್ದಾರೆ.

ಗಣಿತದ ಅಂದಾನಪ್ಪ ಮಾಸ್ತರು ನನ್ನನ್ನು ಬಹಳ ನಂಬಿದ್ದರು. ಮೂರು ಬಿಂದುಗಳ ನಿರ್ದೇಶಾಂಕ ಕೊಟ್ಟು, ಲಂಬಕೋನ ತ್ರಿಭುಜ ಆಗುತ್ತದೋ ಇಲ್ಲವೋ ಎಂದು ಮಕ್ಕಳನ್ನು ಕೇಳುವರು. ಮಕ್ಕಳು ಲೆಕ್ಕ ಮಾಡಿದ ಮೇಲೆ ಗ್ರಾಫ್ ಬೋರ್ಡಿನಲ್ಲಿ ತ್ರಿಭುಜ ಬರೆದು, ಅದರ ಮೂಲೆಗೆ ನನ್ನ ಮೂಲೆ ಒತ್ತುವರು. ನಾನು ಕೂತರೆ ಸರಿ, ಕೂರದಿದ್ದರೆ ತಪ್ಪು. ಆ ದೊಡ್ಡಸ್ತಿಕೆ ನನಗೆ ಹಿತವಾಗಿತ್ತು.

ಒಂದು ವರ್ಷ ಬೋರ್ಡಿಗೆ ಹೊಸ ಬಣ್ಣ ಬಂತು. ಪೇಂಟರ್ ಖಾದರಸಾಬ ಗೋಡೆ ತುಂಬಲಿ ಎಂದು ಗ್ರಾಫಿನ ಮನೆಗಳನ್ನು ಅಡ್ಡಕ್ಕೆ ಹಿಗ್ಗಿಸಿ ಎಳೆದುಬಿಟ್ಟ. ಅಗಲ ನಾಲ್ಕು ಬೆರಳು, ಎತ್ತರ ಮೂರೇ. ನೋಡಲು ಚಂದವಿತ್ತು, ಯಾರೂ ಅಳೆಯಲಿಲ್ಲ. ಅಲ್ಲಿಂದ ಶುರುವಾಯಿತು ನನ್ನ ಗೋಳು.

ಹತ್ತನೇ ತರಗತಿಯ ಹುಲಿಗೆಮ್ಮನಿಗೆ ಬಂದ ಬಿಂದುಗಳು (1, 1), (4, 3), (-1, 4). ಮೊದಲೆರಡರ ನಡುವೆ ಅಡ್ಡಕ್ಕೆ ಮೂರು, ಮೇಲಕ್ಕೆ ಎರಡು. ವರ್ಗ ಮಾಡಿ ಕೂಡಿದರೆ ಹದಿಮೂರು. ಮೊದಲನೆಯದಕ್ಕೂ ಮೂರನೆಯದಕ್ಕೂ ಅದೇ ಹದಿಮೂರು. ಉಳಿದ ಬಾಹುವಿನ ವರ್ಗ ಇಪ್ಪತ್ತಾರು.

"ಹದಿಮೂರು ಹದಿಮೂರು ಕೂಡಿದ್ರ ಇಪ್ಪತ್ತಾರು. ಲಂಬಕೋನ ಆತ್ರಿ ಸರ" ಎಂದಳು.

ಮಾಸ್ತರು ನನ್ನನ್ನು ಒತ್ತಿದರು. ಬೆರಳು ತೂರುವಷ್ಟು ಸಂದಿ. ಗುದ್ದಿ ಮತ್ತೆ ಒತ್ತಿದರು. ನಾನೇನು ರೊಟ್ಟಿ ಹಿಟ್ಟೇ, ತಟ್ಟಿದಂತೆ ಹರಡಲು?

"ಲೆಕ್ಕ ತಪ್ಪೈತಿ, ಅಳಿಸು."

ಅವಳು ಅಳಿಸಿ ಮತ್ತೆ ಮಾಡಿದಳು. ಮತ್ತೆ ಇಪ್ಪತ್ತಾರೇ ಬಂತು. ಮಾಸ್ತರೇ ಮಾಡಿ ನೋಡಿದರು, ತಪ್ಪು ಸಿಗಲಿಲ್ಲ. ಸಿಟ್ಟು ನನ್ನ ಕಡೆ ತಿರುಗಿತು. "ಹಂಗಾದ್ರ ಈ ಮೂಲಿಮಟ್ಟನ ಸೊಟ್ಟ ಐತಿ!" ಎಂದು ಇಡೀ ತರಗತಿಯ ಎದುರು ಕೂಗಿದರು. ನನ್ನ ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಲೋಕ ನಗುತ್ತದೆ. ಇಲ್ಲಿ ನಿಜಕ್ಕೂ ನೆಲವೇ ಡೊಂಕಾಗಿತ್ತು, ಹೇಳಲು ನನಗೆ ಬಾಯಿರಲಿಲ್ಲ.

ಹುಲಿಗೆಮ್ಮನಿಗಿತ್ತು. ನನ್ನನ್ನು ತನ್ನ ಗ್ರಾಫ್ ಹಾಳೆಯ ಮೇಲಿಟ್ಟಳು. ಗೆರೆಗೆ ಗೆರೆ ಕೂತೆ. ಆಮೇಲೆ ಬೋರ್ಡಿನ ಮನೆಗೆ ಬೆರಳಿಟ್ಟು ಅಳೆದಳು.

"ಮೂಲಿಮಟ್ಟ ನೆಟ್ಟಗೈತ್ರಿ ಸರ. ಬೋರ್ಡಿನ ಮನಿಗಳ ಚೌಕ ಇಲ್ಲ."

ಮಾಸ್ತರು ತಾವೂ ಬೆರಳಿಟ್ಟು ಅಳೆದರು. ಮುಂದಿನ ವಾರ ಖಾದರಸಾಬ ಬಂದು ಹಳೆಯ ಗೆರೆ ಅಳಿಸಿ, ನನ್ನ ಅಂಚು ಹಿಡಿದೇ ಹೊಸ ಚೌಕ ಮನೆಗಳನ್ನು ಎಳೆದ. ಹೋದ ಮಾನ ಬಂತು ಎಂದುಕೊಂಡೆ. ಆದರೆ ಎಲ್ಲರ ಮುಂದೆ ಸೊಟ್ಟ ಎಂದಿದ್ದನ್ನು ಮಾಸ್ತರು ಮತ್ತೆ ಕೈಗೆತ್ತಿಕೊಳ್ಳುವುದು ಹೇಗೆ? ಪೇಟೆಯಿಂದ ಹಳದಿ ಪ್ಲಾಸ್ಟಿಕ್ಕಿನದೊಂದು ತಂದರು. ನನ್ನನ್ನು ಗಾಳಿಗೆ ಬಡಿಯುವ ಬಾಗಿಲಿನಡಿ ತುರುಕಿದರು.

ಶಾಲೆಯಲ್ಲಿದ್ದಷ್ಟು ದಿನ ಹುಲಿಗೆಮ್ಮ ನನ್ನನ್ನು ತುಳಿಯದೆ ದಾಟುತ್ತಿದ್ದಳು. ಅವಳು ಪಾಸಾಗಿ ಹೋದ ಮೇಲೆ ಬಂದವರೆಲ್ಲ ಒದೆಯುವವರೇ. ವರ್ಷವರ್ಷವೂ ಅವೇ ಮೂರು ಬಿಂದುಗಳು ಬರುತ್ತವೆ. ಮಾಸ್ತರು ಪ್ಲಾಸ್ಟಿಕ್ಕನ್ನು ಒತ್ತುತ್ತಾರೆ, ಎಳ್ಳಷ್ಟೂ ಸಂದಿಯಿಲ್ಲ.

"ನೋಡ್ರಿ, ಮೂಲಿಮಟ್ಟ ಅಂದ್ರ ಹಿಂಗಿರಬೇಕು" ಎನ್ನುತ್ತಾರೆ.

ಅದು ಕೂತಿರುವುದು ನನ್ನ ಅಂಚಿನಿಂದ ಎಳೆದ ಗೆರೆಗಳ ಮೇಲೆ. ನಾನು ಬಾಗಿಲಡಿಯಲ್ಲಿ ಕೇಳುತ್ತ ಬಿದ್ದಿದ್ದೇನೆ. ಬಣ್ಣ ಹೋಗಿದೆ, ಮೈ ಸವೆದಿದೆ. ಮೂಲೆ ಮಾತ್ರ ಇನ್ನೂ ತೊಂಬತ್ತೇ. ಬೇಕಾದರೆ ಬಗ್ಗಿ ಅಳೆದು ನೋಡಿ.