ಚಂದ್ರಿಕೆಯ ಮೇಲೆ ಕಣ್ಣು

“ತಲೆ ಬಗ್ಸೇ ಮುಂಡೆ! ನಿನ್ನ ಹಾಳು ಕಣ್ಣು ಬಿದ್ರೆ ಒಂದು ಹುಳಾನೂ ಗೂಡು ಕಟ್ಟಲ್ಲ. ಬುಟ್ಟಿ ಅಲ್ಲೇ ಮಡಗಿ ಪೋವೇ ಆಚೆಗೆ!”

ಹುಳದ ಮನೆಯ ಒಳಗಿನಿಂದ ಗೌಡ ಗದರಿದ. ಬಾಗಿಲಿಗೆ ಹಳೆಯ ಸೀರೆ ಅಡ್ಡ ಕಟ್ಟಿತ್ತು. ಗಂಗುಲಮ್ಮ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಯನ್ನು ಹೊಸ್ತಿಲ ಹೊರಗಿಟ್ಟು, ರೂಢಿಯಂತೆ ಗೋಡೆಯ ಕಡೆ ಮುಖ ತಿರುಗಿಸಿದಳು. ಸಾದಲಿಯ ಗೌಡ ವೆಂಕಟರವಣಪ್ಪನ ಮನೆಯಲ್ಲಿ ಕೂಲಿಯವರು ರೇಷ್ಮೆಹುಳವನ್ನು ನೋಡುವ ಹಾಗಿರಲಿಲ್ಲ. ಹಸಿದವರ ಕಣ್ಣು ಹುಳಕ್ಕೆ ತಾಗುತ್ತದೆಂದು ಅವನ ನಂಬಿಕೆ. ಸೀರೆಯ ಹಿಂದೆ ಹುಳುಗಳು ಸೊಪ್ಪು ಮೇಯುವ ಸದ್ದು ಬಿರುಮಳೆಯಂತೆ ಕೇಳುತ್ತಿತ್ತು. ಬೆಳಗಿನಿಂದ ಏನೂ ತಿನ್ನದ ಗಂಗುಲಮ್ಮನಿಗೆ ಹುಳುಗಳ ಮೇಲೂ ಹೊಟ್ಟೆಕಿಚ್ಚಾಯಿತು.

ಜಗಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದ ಗೌಡನ ಮಗ ಆವಲಪ್ಪ ನಕ್ಕ. “ಏನಮ್ಮಿ, ನಿನ್ ಗಂಡ ಮಾವನ ಮನೇಲಿ ಚೆನ್ನಾಗವ್ನಾ?”

ಮಾವನ ಮನೆ ಎಂದರೆ ಜೈಲು. ಗೌಡ ಕೂಲಿಯ ರಾಗಿಯನ್ನು ಹಬ್ಬ ಕಳೆದರೂ ಅಳೆಯದಿದ್ದಾಗ, ಅವಳ ಗಂಡ ಎರ್ರಪ್ಪ ಒಂದು ಟವೆಲಿನ ತುಂಬ ಅವನ ರೇಷ್ಮೆಗೂಡು ಕಟ್ಟಿಕೊಂಡು ಹೋಗಿದ್ದ. ಆವಲಪ್ಪ ಅದೇ ತಿಂಗಳು ಆಳು ಚೆನ್ನರಾಯಪ್ಪನ ತೋಳು ಮುರಿದಿದ್ದ. ಮ್ಯಾಜಿಸ್ಟ್ರೇಟರು ಇಬ್ಬರಿಗೂ ಒಂದೇ ಮಾತು ಹೇಳಿದರು: ದಂಡ ಕಟ್ಟು, ಇಲ್ಲವೇ ಆರು ತಿಂಗಳು ಸಜೆ. ಆವಲಪ್ಪ ಕಿಸೆಗೆ ಕೈಹಾಕಿದ. ಸಂಜೆಯ ಬಸ್ಸಿಗೆ ಮನೆಗೆ ಬಂದು ಬಾಡೂಟ ಉಂಡ. ಎರ್ರಪ್ಪನಿಗೆ ಕಿಸೆಯೇ ಇರಲಿಲ್ಲ.

ಭಾನುವಾರ ಗಂಗುಲಮ್ಮ ಜೈಲಿಗೆ ನಡೆದಳು. ಕಂಬಿಯ ಹಿಂದೆ ನಿಂತವನ ಗುರುತು ಸಿಕ್ಕಲು ಒಂದು ಗಳಿಗೆ ಬೇಕಾಯಿತು. ಕೆನ್ನೆ ತುಂಬಿಕೊಂಡಿದ್ದವು.

“ಮೈ ಬಂದದೆ,” ಎಂದಳು.

“ಎರಡ್ಹೊತ್ತೂ ಮುದ್ದೆ ಇಕ್ತಾರೆ ಕಣಮ್ಮಿ.” ಅದೂ ಒಂದು ಕಳ್ಳತನವೆಂಬಂತೆ ಅವನು ದನಿ ತಗ್ಗಿಸಿದ.

“ಕೆಲ್ಸ?”

“ಏನೂ ಇಲ್ಲ. ಗೋಡೆ ನೋಡ್ತಾ ಕುಂತಿರೋದು. ಮಗ ಹೆಂಗವ್ನೆ?”

“ಅವ್ನೂ ಗೋಡೆ ನೋಡ್ತಾ ಕುಂತವ್ನೆ. ಮುದ್ದೆ ಒಂದಿಲ್ಲ.”

ಎರ್ರಪ್ಪ ಸೊಂಟದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಕಂಬಿಯ ಸಂದಿಯಲ್ಲಿ ತೂರಿಸಿದ. ಬೆಳಗಿನ ಮುದ್ದೆ. ಮಗನಿಗೆಂದು ಅರ್ಧ ಕಟ್ಟಿಕೊಂಡು ಉಳಿದದ್ದನ್ನು ನಿಂತಲ್ಲೇ ನುಂಗಿದಳು. ಗಂಟಿಲ್ಲದೆ ಬೆಂದಿತ್ತು. ಅದಕ್ಕೇ ಗಂಡನ ಮೇಲೆ ಇನ್ನಷ್ಟು ಉರಿಯಿತು.

ವಾರ್ಡರ್ ಬೀಡಿ ಆರಿಸುತ್ತ ಗೊಣಗಿದ. “ಇವ್ನ ಮೇಲೆ ಸರ್ಕಾರ ಎಷ್ಟು ಸುರೀತದೆ ಗೊತ್ತೇನಮ್ಮ? ರಾಗಿ, ಸೌದೆ, ಕಂಬ್ಳಿ, ಮೇಲೆ ನನ್ ಸಂಬ್ಳ. ಎಲ್ಲಾ ಒಂದು ಟವಲ್ ಗೂಡಿಗೆ!”

“ಅದ್ರಲ್ಲಿ ಅರ್ಧ ನಂಗೆ ಕೊಡ್ಸಿ ಸಾಮಿ. ಇವನ್ನ ಮನೆ ಕಂಬಕ್ಕೆ ಕಟ್ಟಾಕಂಡು, ಗೌಡನ ಗೂಡಿನ ಬೆಲೆ ತೀರೋಗಂಟ ದುಡಿಸ್ತೀನಿ. ಹಗ್ಗ ನಾನೇ ತತ್ತೀನಿ.”

ಒಳಗಿದ್ದವರೆಲ್ಲ ನಕ್ಕರು. ವಾರ್ಡರ್ ಕೂಡ ನಕ್ಕ. “ಹಂಗಂತ ಕಾನೂನಿಲ್ಲ ಕಣಮ್ಮ.”

“ಮಾಡಕ್ಕೇನು ದಾಡಿ?”

ವಾರ್ಡರ್ ಆರಿದ ಬೀಡಿಯನ್ನು ಮತ್ತೆ ಹಚ್ಚಿಕೊಂಡ.

ಅವಳು ಊರಿಗೆ ಮರಳುವಷ್ಟರಲ್ಲಿ ಹುಳುಗಳು ಹಣ್ಣಾಗಿ ಮೇವು ಬಿಟ್ಟಿದ್ದವು. ಅವನ್ನು ಚಂದ್ರಿಕೆಗೆ ಬಿಟ್ಟಿದ್ದರು. ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ಆ ಅಗಲವಾದ ತಟ್ಟಿಗಳು ಗೌಡನ ಅಂಗಳದ ಉದ್ದಕ್ಕೂ ಒರಗಿ ನಿಂತಿದ್ದವು. ಕೂಲಿಯವರು ಅವುಗಳತ್ತ ಕಣ್ಣೆತ್ತದೆ, ಬಗ್ಗಿಕೊಂಡೇ ಕಸ ಗುಡಿಸುತ್ತಿದ್ದರು.

“ಗೌಡ್ರೇ,” ಗಂಗುಲಮ್ಮ ನೆಲ ನೋಡುತ್ತ ಹೇಳಿದಳು, “ಅವನ್ ದಂಡ ನೀವೇ ಕಟ್ಬಿಡಿ. ಇಬ್ರೂ ಗೇದು ತೀರಿಸ್ತೀವಿ. ಮಗ ಉಳಿಯಲ್ಲ.”

“ಅಯ್ಯೋ, ಸರ್ಕಾರ ಸಾಕ್ತಾ ಅದೆ, ಸಾಕ್ಲಿ ಬಿಡೇ! ನಿಮ್ಮ ಜಾತಿ ಹುಟ್ಟಿದ ಮೇಲೆ ಯಾವನಾದ್ರೂ ಎರಡ್ಹೊತ್ತು ಉಂಡಿದ್ನಾ? ಹೊಟ್ಟೆಕಿಚ್ಚು ಲೌಡಿ, ಗಂಡ ಉಂಡ್ರೂ ಉರೀತೀಯಾ!”

ಆವಲಪ್ಪ ಜಗಲಿಯಿಂದ ಕೇಕೆ ಹಾಕಿದ.

ಗಂಗುಲಮ್ಮ ಪೊರಕೆ ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿದಳು. ಆವಲಪ್ಪನ ಬಾಡೂಟ, ಗಂಡನ ಕೆನ್ನೆ, ಹುಳುಗಳು ಮೇಯ್ದ ಬುಟ್ಟಿ ಬುಟ್ಟಿ ಸೊಪ್ಪು, ಎಲ್ಲವನ್ನೂ ಕಣ್ಣಿಗೆ ತಂದುಕೊಂಡು ಮೊದಲನೇ ಚಂದ್ರಿಕೆಯನ್ನು ನೋಡಿದಳು.

“ಏಯ್! ಕಣ್ಣು ಕಿತ್ತಾಕ್ತೀನಿ! ಪೊಲೀಸ್ನೋರ್ಗೆ ಕೊಡ್ತೀನಿ ನಿನ್ನ!”

“ಕೊಡಿ ಗೌಡ್ರೇ. ನೋಡಿದ್ದಕ್ಕೆ ಎಷ್ಟು ತಿಂಗ್ಳು?”

ಅಂಗಳದ ತುದಿಯಲ್ಲಿ ಚೆನ್ನರಾಯಪ್ಪ ಸೊಟ್ಟಗೆ ಕೂಡಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತಲೆಯೆತ್ತಿದ. ಅವನ ಪಕ್ಕದ ಮುದುಕಿ ಪೆದ್ದಮ್ಮನೂ ಎತ್ತಿದಳು.

ಗೌಡ ಹೆಗಲ ಶಲ್ಯ ಕಿತ್ತು ಒಂದು ಚಂದ್ರಿಕೆಯ ಮೇಲೆ ಹೊದಿಸಿದ. ಮೂವರೂ ಪಕ್ಕದ್ದನ್ನು ನೋಡಿದರು. ಶಲ್ಯ ಎಳೆದುಕೊಂಡು ಅಲ್ಲಿಗೆ ಓಡಿದ. ಮೊದಲಿನದು ಬಯಲಾಯಿತು.