ಮರಿಯಾ ನರ್ಸ್ ಆಗಲಿಲ್ಲ

೧

ಇದನ್ನು ಎಲ್ಲಿಂದ ಶುರುಮಾಡಲಿ? ವಾಷಿಂಗ್ಟನ್ನಿನ ಹೋಟೆಲೊಂದರ ನೆಲಮಾಳಿಗೆಯಲ್ಲಿರುವ, ಕಿಟಕಿಯೇ ಇಲ್ಲದ ಸಭಾಂಗಣದಿಂದಲೇ? ವಿದ್ಯಾರ್ಥಿ ನೆರವು ಅಧಿಕಾರಿಗಳ ನಾಯಕತ್ವ ಮತ್ತು ಶಾಸನ ಸಮ್ಮೇಳನ ಎಂದು ಬರೆದರೆ ನಿಮಗೆ ಆಕಳಿಕೆ ಬರುತ್ತದೆ. ಬರೆಯುವಾಗ ನನಗೂ ಬಂತು.

೧ (ಮತ್ತೆ)

ಡಾರ್ಲೀನ್ ಕೀಲ್‌ಗೆ ಬೆಳಗಿನಿಂದ ಮೈಯೆಲ್ಲ ಉರಿಯುತ್ತಿತ್ತು.

ಇದೇ ಇರಲಿ.

೨

ನೆಬ್ರಾಸ್ಕಾದ ಒಂದು ಸಣ್ಣ ಕಾಲೇಜಿನಲ್ಲಿ ಡಾರ್ಲೀನ್ ವಿದ್ಯಾರ್ಥಿ ನೆರವು ಕಚೇರಿಯ ಮುಖ್ಯಸ್ಥೆ. ಓದಲು ಸರ್ಕಾರದ ನೆರವು ಯಾರಿಗೆ ಉಂಟು, ಯಾರಿಗಿಲ್ಲ ಎಂದು ಹೇಳುವುದು ಅವಳ ಕೆಲಸ. ಹೇಳುವುದಷ್ಟೇ. ನಿಯಮ ಮಾಡುವವರು ಬೇರೆ, ಬೈಸಿಕೊಳ್ಳುವವಳು ಇವಳು. ಆ ನಿಯಮ ಮಾಡುವವರನ್ನು ಕಂಡು ಕೇಳಿಕೊಳ್ಳಲೆಂದು ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಇವಳಂಥವರೆಲ್ಲ ವಾಷಿಂಗ್ಟನ್ನಿನಲ್ಲಿ ಸೇರುತ್ತಾರೆ. ಮೊದಲ ದಿನ ತರಬೇತಿ, ಮರುದಿನ ಸೆನೆಟರುಗಳ ಕಚೇರಿ.

ತರಬೇತಿ ಕೊಡುವವನು ಬ್ರೆಂಟ್. ಹಲ್ಲು ತುಂಬಾ ಚೆನ್ನಾಗಿವೆ. (ಹಲ್ಲಿಗೂ ಕಥೆಗೂ ಸಂಬಂಧವಿಲ್ಲ. ಅವನ ಮೇಲೆ ನನಗೂ ಸಿಟ್ಟಿದೆ, ಅಷ್ಟೇ.) ಅವನ ಪ್ರಕಾರ ಅಂಕಿ-ಅಂಶ ಯಾರಿಗೂ ಬೇಡ. ಒಬ್ಬ ವಿದ್ಯಾರ್ಥಿಯ ಕಥೆ ಬೇಕು, ಅದು ಚಿಕ್ಕದಾಗಿರಬೇಕು, ಸುಖವಾಗಿ ಮುಗಿಯಬೇಕು. ನಿಜವಾದ ಹೆಸರು ಹೇಳಲು ಕಾನೂನು ಬಿಡುವುದಿಲ್ಲವಾದ್ದರಿಂದ ಎಲ್ಲರೂ ಹೆಸರು ಬದಲಿಸುತ್ತಾರೆ. ಅಭ್ಯಾಸಕ್ಕೆ ಎದ್ದುನಿಂತ ಓಹಾಯೋ ರಾಜ್ಯದವಳ ಕಥೆಯ ಹುಡುಗಿಯ ಹೆಸರು ಮರಿಯಾ, ನರ್ಸ್ ಆದಳು. ಮೇನ್‌ನವನ ಹುಡುಗಿಯೂ ಮರಿಯಾ, ಅವಳೂ ನರ್ಸ್. ಆರ್ಕನ್ಸಾದ ಮರಿಯಾ ದಂತವೈದ್ಯೆಯಾದಾಗ ಚಪ್ಪಾಳೆಯೋ ಚಪ್ಪಾಳೆ.

ಡಾರ್ಲೀನ್ ಎದ್ದಳು.

"ನನ್ನ ಮರಿಯಾ ಒಬ್ಳೇ ದುಡ್ಕೊಂಡು ಒಬ್ಳೇ ಇದ್ಲು. ಅವರಪ್ಪಂಗೆ ಅವಳ ಕಂಡ್ರೆ ಆಗಲ್ಲ, ಮಾತು ಬಿಟ್ಟು ಎಷ್ಟೋ ಕಾಲ ಆಗಿತ್ತು. ಆದ್ರೂ ಅವನ ಆದಾಯ ಎಷ್ಟು ಅಂತ ಅವನೇ ಹೇಳ್ಬೇಕು, ಇಲ್ದಿದ್ರೆ ನೆರವಿಲ್ಲ. ಅವನು ಹೇಳಲ್ಲ ಅಂದ. ಅಪ್ಪ ಹೇಳಲ್ಲ ಅಂದ್ರೆ ಅದು ವಿನಾಯಿತಿ ಕೊಡೋಕೆ ಕಾರಣ ಅಲ್ವಂತೆ, ನಿಯಮ. ಆಗ ಆ ಹುಡುಗಿ ನನ್ನ ಕೇಳಿದ್ಲು: 'ಮೇಡಂ, ಅವನು ನಂಗೆ ಹೊಡೆದಿದ್ರೆ ಸಿಗ್ತಿತ್ತಾ?' ಅಂತ. ಸಿಗಬಹುದಿತ್ತು ಅಂದೆ. ನಿಜ ತಾನೇ ಅದು?"

ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತಿತ್ತು, ನಿಜ ಎಂದು.

"ಅಬ್ಬಾ, ಚೆನ್ನಾಗಿದೆ," ಎಂದ ಬ್ರೆಂಟ್. "ಆಮೇಲೆ?"

"ಆಮೇಲೆ ಕಾಲೇಜು ಬಿಟ್ಲು."

"ಅದಲ್ಲ ಡಾರ್ಲೀನ್, ಕೊನೆಗೇನಾಯ್ತು ಹೇಳಿ."

"ಹೇಳಿದ್ನಲ್ಲಪ್ಪ, ಬಿಟ್ಲು."

ಬ್ರೆಂಟ್ ಕರುಣೆಯಿಂದ ನಕ್ಕ. "ಇಂಥದ್ದು ಕೇಳಿದ್ರೆ ಸೆನೆಟರ್ ಕಡೆಯವರು ಮುಖ ತಿರುಗಿಸ್ತಾರೆ ಕಣ್ರೀ. ನಿಮ್ಮ ಹತ್ರ ಬೇರೆ ಹುಡುಗಿ ಇಲ್ವಾ?"

೩

ಇಲ್ಲಿ ಡಾರ್ಲೀನ್ ಕಾಫಿಯ ಲೋಟ ಎತ್ತಿ ಬ್ರೆಂಟ್‌ನ ಮುಖಕ್ಕೆ ಎರಚಿದಳು ಎಂದು ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು. ಅವಳು ಒಪ್ಪಲಿಲ್ಲ.

"ಏನ್ರೀ, ನಂಗೆ ಕೆಲಸ ಉಳಿಯೋದು ಬೇಡ್ವಾ? ಹೊಡೆದಾಟ ಬೇಕಿದ್ರೆ ನೀವೇ ಹೋಗಿ ಎರಚ್ಕೊಳ್ಳಿ."

ಹಾಗಾದರೆ ಆ ಹುಡುಗಿಯನ್ನು ಮುಂದಿನ ವರ್ಷ ಮತ್ತೆ ಕಾಲೇಜಿಗೆ ತರಲೇ, ಎಂದೆ. ಕಥೆ ನನ್ನದು, ನನ್ನ ಕೈಲಾಗದ್ದೇನಿದೆ? ಓದುಗರಿಗೂ ಸ್ವಲ್ಪ ಹಗುರವಾಗುತ್ತದೆ.

"ನಿಮಗೂ ಬ್ರೆಂಟ್‌ಗೂ ಏನ್ರೀ ವ್ಯತ್ಯಾಸ?" ಎಂದಳು. "ಅವಳು ಬರ್ಲಿಲ್ಲ. ಬಂದ್ಲು ಅಂತ ಬರೆದ್ರೆ ಆ ನಿಯಮ ಸರಿಯಾಗೇ ಇದೆ ಅಂದಂಗಾಯ್ತು. ಅಷ್ಟೂ ಗೊತ್ತಾಗಲ್ವಾ ನಿಮಗೆ?"

(ಗೊತ್ತಾಗಿರಲಿಲ್ಲ. ಮೂರನೆಯ ಭಾಗವನ್ನು ಹರಿದು ಹಾಕಬೇಕಿತ್ತು. ಹಾಗೇ ಬಿಟ್ಟಿದ್ದೇನೆ, ನನಗೂ ಸ್ವಲ್ಪ ಮಂಗಳಾರತಿ ಆಗಲಿ.)

೫

(ನಾಲ್ಕನೆಯದು ವಾಷಿಂಗ್ಟನ್ನಿನ ವರ್ಣನೆ. ಬಿಟ್ಟೆ.)

ಮರುದಿನ ಸೆನೆಟರ್ ಸಿಗಲಿಲ್ಲ. ಅವರು ಸಿಗುವುದೂ ಇಲ್ಲ. ಶಿಕ್ಷಣದ ವಿಷಯ ನೋಡಿಕೊಳ್ಳುವ ಸಹಾಯಕಿ ಹ್ಯಾಲಿಸ್ ಎಂಬವಳು ಸಿಕ್ಕಳು. ಮುಂದಿನ ಗುಂಪು ಆಗಲೇ ಬಾಗಿಲಲ್ಲಿ ನಿಂತಿತ್ತು. ಡಾರ್ಲೀನ್‌ಳ ಗುಂಪಿನ ಮುಖಂಡ ಗಾರ್ಡನ್, ನೆರವು ಅಧಿಕಾರಿಗಳ ರಾಜ್ಯ ಸಂಘದ ಅಧ್ಯಕ್ಷ, ತನ್ನ ಮರಿಯಾಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಡಾರ್ಲೀನ್ ತನ್ನ ಹುಡುಗಿಯ ಮಾತೆತ್ತಿದಳು. ಅಪ್ಪ ಒಲ್ಲೆನೆಂದದ್ದು, ಹುಡುಗಿ ಕೇಳಿದ್ದು, ತಾನು ಉತ್ತರಿಸಿದ್ದು, ಎಲ್ಲ.

ಹ್ಯಾಲಿಸ್ ಬರೆಯುವುದನ್ನು ನಿಲ್ಲಿಸಿದಳು. ನಿಜವಾಗಿಯೂ ನಿಲ್ಲಿಸಿದಳು.

"ಛೇ, ಹೀಗೂ ಇದೆಯಾ?" ಎಂದಳು. "ಈಗೆಲ್ಲಿದ್ದಾಳೆ ಅವಳು?"

ಡಾರ್ಲೀನ್ ಬಾಯಿ ತೆರೆಯುವ ಮೊದಲೇ ಗಾರ್ಡನ್ ನಗುತ್ತಾ ಹೇಳಿಬಿಟ್ಟ: "ಈಗ ನರ್ಸ್ ಆಗಿದ್ದಾಳೆ."

ಅವನು ಕೆಟ್ಟವನಲ್ಲ. ತರಬೇತಿ ಚೆನ್ನಾಗಿ ಹತ್ತಿತ್ತು, ಅಷ್ಟೇ.

"ಸದ್ಯ!" ಎಂದಳು ಹ್ಯಾಲಿಸ್. ಅವಳ ಮುಖ ಅರಳಿತು. ಎದ್ದಳು. "ಬನ್ನಿ, ಎಲ್ಲರೂ ಒಂದು ಫೋಟೊ ತೆಗೆಸ್ಕೊಳ್ಳೋಣ."

ಕೊನೆ, ಒಂದು: ಡಾರ್ಲೀನ್ ಫೋಟೊದಲ್ಲಿ ನಗುತ್ತಾಳೆ. ಸಂಘದ ಪತ್ರಿಕೆಯಲ್ಲಿ ಬರುತ್ತದೆ.

ಕೊನೆ, ಎರಡು: ನಿಯಮ ಬದಲಾಗುತ್ತದೆ. (ನನಗೇ ನಗು ಬಂತು.)

"ಸಾಕು ನಿಲ್ಸ್ರೀ," ಎಂದಳು ಡಾರ್ಲೀನ್. ನನಗೋ ಗಾರ್ಡನ್‌ಗೋ ತಿಳಿಯಲಿಲ್ಲ, ಇಬ್ಬರೂ ನಿಲ್ಲಿಸಿದೆವು. ಆಮೇಲೆ ಹ್ಯಾಲಿಸ್ ಕಡೆ ತಿರುಗಿದಳು.

"ಇವರು ಸುಳ್ಳು ಹೇಳಿದ್ರು. ಅವಳು ನರ್ಸ್ ಆಗ್ಲಿಲ್ಲ. ಎಲ್ಲಿದ್ದಾಳೋ ನಂಗೊತ್ತಿಲ್ಲ. ನಾನು ನೆರವಿಲ್ಲ ಅಂದೆ, ಬಾಗಿಲು ಎಳ್ಕೊಂಡು ಹೋದ್ಲು. ನೀವು 'ಸದ್ಯ' ಅನ್ಬೇಡಿ. ಕೂತ್ಕೊಳ್ಳಿ."

"ಮೇಡಂ, ಮುಂದಿನವರು ಕಾಯ್ತಾ ಇದ್ದಾರೆ..."

"ಕಾಯ್ಲಿ. ಕೂತ್ಕೊಳ್ಳಿ ಅಂದೆ."

ಗಾರ್ಡನ್ ನೆಲ ನೋಡುತ್ತಿದ್ದಾನೆ. ಹ್ಯಾಲಿಸ್ ಕೂತಳು ಎಂದು ಬರೆಯಲು ನನ್ನ ಕೈ ಹಾತೊರೆಯುತ್ತಿದೆ. ಒಂದು ಪದ ಸಾಕು, ನಾನೂ ನೀವೂ ನೆಮ್ಮದಿಯಾಗಿ ಮನೆಗೆ ಹೋಗಬಹುದು. ಬರೆಯುವುದಿಲ್ಲ. ಅವಳು ಇನ್ನೂ ನಿಂತೇ ಇದ್ದಾಳೆ.