ಒಂದಡಿ ಕಡಿಮೆಯ ಏರಿ

ಮಿಸೌರಿಯ ಗುಡ್ಡಗಾಡಿನ ವೆಂಡೆಲ್ ಶ್ರೇಡರ್‌ಗೆ ತನ್ನ ಹೊಲದ ಕೆರೆಗಿಂತ ಅದರ ಮಣ್ಣಿನ ಏರಿಯ ಎತ್ತರದ ಮೇಲೆ ಹೆಮ್ಮೆ ಜಾಸ್ತಿ. ಮೂವತ್ತನಾಲ್ಕು ಅಡಿ. ಮೂವತ್ತೈದು ಮುಟ್ಟಿದರೆ ಸರಕಾರದ ಇಂಜಿನಿಯರು ಬರುತ್ತಾನೆ, ಪರವಾನಗಿ ಕೇಳುತ್ತಾನೆ, ಅಲ್ಲಿ ಅಗೆ ಇಲ್ಲಿ ಮುಚ್ಚು ಎನ್ನುತ್ತಾನೆ. ಅದಕ್ಕೇ ಆ ಕಡೆಯ ಜಾಣರು ಮೂವತ್ತನಾಲ್ಕಕ್ಕೆ ಬುಲ್ಡೋಜರ್ ನಿಲ್ಲಿಸುತ್ತಾರೆ. ಕಾನೂನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವ ಜನ. ಚರ್ಚಿನಲ್ಲಿ ಊರವರೆಲ್ಲ ಸೇರಿ ಮೀನು ಕರಿದು ತಿನ್ನುವ ಶುಕ್ರವಾರಗಳಂದು ವೆಂಡೆಲ್ ಈ ಕಥೆ ಹೇಳುತ್ತಿದ್ದ. ಕೇಳಿ ಕೇಳಿ ಬಾಯಿಪಾಠವಾದವರೂ ನಗುತ್ತಿದ್ದರು.

ಏರಿಯ ಬುಡದಲ್ಲಿ ಒಂದು ಕಡೆ ಕಡು ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುತ್ತಿತ್ತು. ಹುಲ್ಲು ಕತ್ತರಿಸುವಾಗ ಟ್ರ್ಯಾಕ್ಟರ್ ಹೂತುಕೊಂಡೀತೆಂದು ಅವನು ಅದನ್ನು ಬಳಸಿಕೊಂಡು ಹೋಗುತ್ತಿದ್ದ. ಯಾರಾದರೂ ಕೇಳಿದರೆ ಒರತೆ ಎನ್ನುತ್ತಿದ್ದ. ಮೂವತ್ತು ವರ್ಷ ಹಾಗೆಂದ ಮೇಲೆ ಅದು ಒರತೆಯೇ ಆಗಿಬಿಟ್ಟಿತ್ತು.

ಈ ವಸಂತದಲ್ಲಿ ಮಗಳು ಟ್ವೈಲಾ ಏರಿಯ ಕೆಳಗಿನ ಬಯಲಲ್ಲಿ ಮನೆ ಕಟ್ಟುತ್ತೇನೆಂದು ಗೂಟ ಹೊಡೆದು ದಾರ ಎಳೆದಳು. ಮಕ್ಕಳ ಕೋಣೆ ಎಲ್ಲಿ ಬರುತ್ತದೆಂದು ತೋರಿಸಿದಾಗ ವೆಂಡೆಲ್‌ನ ಕಣ್ಣು ಏರಿಯ ಬುಡದ ಆ ಹಸಿರಿನ ಕಡೆ ಹೋಯಿತು. ಅಲ್ಲಿ ಹಾವು ಜಾಸ್ತಿ ಎಂದ. ಉಣ್ಣಿ ಹುಳದ ಕಾಟ ಎಂದ. ಗುಡ್ಡದ ಮೇಲೆ ಗಾಳಿ ಚೆನ್ನಾಗಿದೆ ಎಂದ.

"ಏರಿ ಗಟ್ಟಿ ಇದೆ ತಾನೇ ಅಪ್ಪಾ?"

"ಕಲ್ಲಿದ್ದ ಹಾಗಿದೆ," ಎಂದುಬಿಟ್ಟ. ಹಾಳು ಬಾಯಿ, ಅದಕ್ಕೆ ಬೇರೆ ಉತ್ತರ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, ಜನ್ಮದಲ್ಲಿ ಮಾಡುವುದಿಲ್ಲವೆಂದಿದ್ದ ಕೆಲಸ ಮಾಡಿದ: ಸರಕಾರಿ ಕಚೇರಿಗೆ ಫೋನ್ ಹಚ್ಚಿ, ಬಂದು ಏರಿ ನೋಡಿ ಎಂದ. ಆ ಕಡೆಯ ಹೆಂಗಸು ಎತ್ತರ ಕೇಳಿದಳು, ಇವನು ಹೇಳಿದ. ಹಾಗಾದರೆ ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಖಾಸಗಿ ಇಂಜಿನಿಯರನ್ನು ಕರೆಸಿಕೊಳ್ಳಿ ಎಂದಳು ಬಲು ಮರ್ಯಾದೆಯಿಂದ.

"ಚೆನ್ನಾಗಿದೆ ಅನ್ನೋರು ಬೇಡಮ್ಮ, ಅದಕ್ಕೆ ನಾನೇ ಇದೀನಿ. ತಪ್ಪು ಹುಡುಕೋರು ಬೇಕು."

ಅವಳು ಕ್ಷಮೆ ಕೇಳಿ ಫೋನ್ ಇಟ್ಟಳು.

ಶನಿವಾರ ವೆಂಡೆಲ್ ಟ್ರ್ಯಾಕ್ಟರಿನ ಬಕೆಟ್ಟಿನಲ್ಲಿ ಮಣ್ಣು ತುಂಬಿ ಏರಿಯ ತಲೆ ಮೇಲೆ ಸುರಿಯತೊಡಗಿದ. ಏರಿಯ ಕೆಳಗೆ ಹರಿಯುವ ತೊರೆಯಗುಂಟ ಕಾಲು ಮೈಲಿ ಕೆಳಗೆ ಮನೆಯಿರುವ ಆರ್ವಿಲ್ ಪಿಕಪ್ ನಿಲ್ಲಿಸಿ, ಈ ವಯಸ್ಸಿನಲ್ಲೂ ಇಷ್ಟು ಜತನ ಮಾಡುತ್ತೀಯಲ್ಲ, ನಿನ್ನಿಂದ ನಾವು ನಿಶ್ಚಿಂತೆ ಎಂದು ಹೊಗಳಿ ಹೋದ.

ಆಮೇಲೆ ಟ್ವೈಲಾ ಹತ್ತಿ ಬಂದು ಇದೇನೆಂದು ಕೇಳಿದಳು.

"ಒಂದಡಿ ಏರಿಸ್ತಿದೀನಿ. ಸರಕಾರ ಬರ್ಲಿ ಅಂತ."

ಅವಳು ನಕ್ಕಳು. ಅವನು ನಗಲಿಲ್ಲ, ಎಂಜಿನ್ ಆರಿಸಿದ.

"ಏರಿ ಸೋರ್ತಿದೆ ಕಣೇ. ನಂಗೆ ಗೊತ್ತಿತ್ತು. ಕೆಳಗೆ ಯಾರೂ ಇರ್ಲಿಲ್ಲ, ಅದಕ್ಕೆ ಸುಮ್ನಿದ್ದೆ."

ಟ್ವೈಲಾ ತೊರೆಯ ಕೆಳಗಿನ ಮನೆಯತ್ತ ಕೈ ತೋರಿಸಿದಳು.

"ಯಾರೂ ಅಂದ್ರೆ? ಆರ್ವಿಲ್ ಮನೇವ್ರು ನಾನು ಹುಟ್ಟೋಕ್ಮುಂಚಿಂದ ಅಲ್ಲೇ ಇದಾರಲ್ಲಪ್ಪ."

ಹಾಗೆಂದವಳೇ ಏರಿ ಇಳಿದು, ತನ್ನ ಗೂಟಗಳನ್ನು ದಾಟಿ, ಆ ಮನೆಯ ದಾರಿ ಹಿಡಿದಳು. ಏರಿ ಒಡೆಯುವುದಕ್ಕಿಂತ ಅವಳು ಅಲ್ಲಿ ಏನು ಹೇಳುತ್ತಾಳೋ ಎಂಬ ಭಯವೇ ವೆಂಡೆಲ್‌ಗೆ ದೊಡ್ಡದಾಯಿತು. ಹಾಗಾಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಗಿ, ಟ್ರ್ಯಾಕ್ಟರಿನಿಂದ ಇಳಿದು, ತಾನೇ ಹೇಳುತ್ತೇನೆ ನಿಲ್ಲು ಎಂದು ಕೂಗುತ್ತ ಅವಳ ಹಿಂದೆ ಓಡಿದ.